ಸುಣ್ಣದ ಪಟ್ಟಿ

ಕಾಲೇಜಿನ ಮೊದಲ ದಿನ ಅವಳು ಹಿಂದಿನ ಗೇಟಿನಿಂದ ಒಳಗೆ ಹೋದಳು.

ಮೊದಲು ಹೋದದ್ದು ಮುಂದಿನ ಗೇಟಿಗೇ. ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಹೋಗಿದ್ದಳು. ಕಾವಲಿನವನು ಅವಳ ಚಪ್ಪಲಿ ನೋಡಿದ. ಕೈಯಲ್ಲಿದ್ದ ಬಟ್ಟೆಯ ಚೀಲ ನೋಡಿದ. ಮುಖ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಕೆಲಸದವರು ಹಿಂದಿನ ಗೇಟಿಗೆ ಹೋಗಬೇಕು ಎಂದ. ನಾನು ಓದೋಕೆ ಬಂದಿದೀನಿ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಚೀಲದೊಳಗೆ ಕಾಲೇಜಿನ ಮೊಹರು ಬಿದ್ದ ಕಾಗದವೂ ಇತ್ತು. ಆದರೆ ಅವಳ ನಾಲಿಗೆ ಹೊರಳಲಿಲ್ಲ. ತಲೆ ತಗ್ಗಿಸಿದಳು. ಕಾಂಪೌಂಡು ಗೋಡೆಯ ಗುಂಟ ಸುತ್ತು ಹಾಕಿ, ಪೊರಕೆ ಬಕೆಟ್ಟು ಹಿಡಿದ ಹೆಂಗಸರ ಸಾಲಿನಲ್ಲಿ ನಿಂತಳು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ದೊಡ್ಡಕ್ಕ ಇವಳನ್ನು ಮೇಲಿಂದ ಕೆಳಗೆ ನೋಡಿ, ಹೊಸಬಳಾ, ಪೊರಕೆ ಎಲ್ಲಿ ಎಂದು ಕೇಳಿದಳು. ಇವಳು ಚೀಲವನ್ನು ಎದೆಗವಚಿಕೊಂಡು ಆ ಸಾಲಿನ ಜೊತೆಗೇ ಒಳಗೆ ನಡೆದಳು. ತರಗತಿ ಮುಟ್ಟಿದಾಗ ಪಾಠ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು.

ದಾರಿ ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳ ಅಪ್ಪ ಗಾರೆ ಮೇಸ್ತ್ರಿ. ಅಮ್ಮ ಅದೇ ಕೆಲಸದಲ್ಲಿ ಬಾಂಡ್ಲಿ ಹೊರುವವಳು. ಹತ್ತು ವರ್ಷದ ಹಿಂದೆ ಈ ಕಟ್ಟಡ ಏಳುವಾಗ ಅವರ ತಗಡಿನ ಶೆಡ್ಡು ಈಗ ಪ್ರಾಂಶುಪಾಲರ ಕಾರು ನಿಲ್ಲುವ ಜಾಗದಲ್ಲಿತ್ತು. ಎಂಟು ವರ್ಷದ ಅವಳು ಮರಳಿನ ಗುಡ್ಡೆಯಲ್ಲಿ ಆಡಿದ್ದಳು. ಜಲ್ಲಿಯ ಮೇಲೆ ಬಿದ್ದು ಮಂಡಿ ಒಡೆದುಕೊಂಡಿದ್ದಳು. ಇಟ್ಟಿಗೆಯ ಮೇಲೆ ಇದ್ದಿಲಿನಲ್ಲಿ ಅಕ್ಷರ ತಿದ್ದಿದ್ದಳು. ಆ ಇಟ್ಟಿಗೆಗಳೆಲ್ಲ ಈಗ ಗೋಡೆಯೊಳಗಿವೆ. ಇಡೀ ಕಾಲೇಜಿನಲ್ಲಿ ಈ ಕಟ್ಟಡವನ್ನು ಹೊಟ್ಟೆಯೊಳಗಿನಿಂದ ಬಲ್ಲ ವಿದ್ಯಾರ್ಥಿ ಅವಳೊಬ್ಬಳೇ. ಅವಳಿಗೆ ಗೇಟು ತೋರಿಸಿದ ಮಹಾನುಭಾವ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ.

ತರಗತಿಯಲ್ಲಿ ಅರವತ್ತು ಜನ. ಕಲಿಯುವುದು ಕಟ್ಟಡ ಕಟ್ಟುವ ಇಂಜಿನಿಯರಿಂಗು. ಜಾಗ ಕೊಡುವುದು ಸೇರಿದ ಪಟ್ಟಿಯ ಪ್ರಕಾರ. ಶುಲ್ಕ ವಿನಾಯಿತಿಯ ಪಟ್ಟಿಯಲ್ಲಿ ಸೇರಿದವರ ಸಂಖ್ಯೆಗಳು ಕೊನೆಗೆ ಬರುತ್ತವೆ, ಆದ್ದರಿಂದ ಅವರು ಕೊನೆಯ ಬೆಂಚುಗಳಲ್ಲಿ ಕೂರುತ್ತಾರೆ. ಯಾರೂ ಬೇಕೆಂದು ಮಾಡಿದ್ದಲ್ಲವಂತೆ, ಸಂಖ್ಯೆ ಹಾಗೆ ಬಂತಂತೆ. ಇಂಥ ಸಂಖ್ಯೆಗಳು ಹಾಗೇ ಬರುತ್ತಿರುತ್ತವೆ. ಅವಳದು ಐವತ್ತೆಂಟು. ಹಿಂದೆ ಹೋಗಿ ಕೂತ್ಕೋ ಎಂದರು ಮೇಷ್ಟ್ರು. ಅವಳು ಹೋಗಿ ಗೋಡೆಗೆ ಒರಗಿ ಕೂತಳು.

ಕೂತವಳು ತಲೆ ಎತ್ತಿ ನೋಡಿದಳು.

ಅಪ್ಪ ಹಾಕಿದ ಅದೇ ತೊಲೆ. ಅದು ತರಗತಿ ನಡೆಯುವ ಹಾಲಿನ ಹಿಂಭಾಗದ ಮೇಲೆ ಹಾದು, ಗೋಡೆ ದಾಟಿ, ಹಿಂದಿನ ಚಿಕ್ಕ ಕೋಣೆಯ ಮೇಲೂ ಹೋಗುತ್ತಿತ್ತು. ಅದರ ಮೇಲಿನ ಮಹಡಿಯಲ್ಲಿ ಹಳೇ ಕಡತಗಳ ಉಗ್ರಾಣ, ಕಬ್ಬಿಣದ ಕಪಾಟುಗಳ ತುಂಬ ಕಾಗದ. ತೊಲೆ ಕಂಬಕ್ಕೆ ಕೂರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿತ್ತು. ಅದು ಕಂಬದ ಗಿಲಾವಿನ ಮೇಲೆ ಸೊಟ್ಟಗೆ ಇಳಿದು ಅವಳ ಬಲಭುಜದ ಹತ್ತಿರ ಬಂದು ನಿಂತಿತ್ತು. ಮೇಷ್ಟ್ರು ಮುಂದೆ ಕಟ್ಟಡವೆಂದರೆ ಏನು ಎಂದು ಬರೆಸುತ್ತಿದ್ದರು. ಅವಳು ಒಂದು ಸಾಲೂ ಬರೆದುಕೊಳ್ಳಲಿಲ್ಲ.

ಸಂಜೆ ಮನೆಗೆ ಹೋದಾಗ ಅಪ್ಪ ಕೈ ತೊಳೆಯುತ್ತಿದ್ದ. ಸಿಮೆಂಟು ಹೋಗಬೇಕಾದರೆ ಅವನು ಕೈಯನ್ನು ಕಲ್ಲಿಗೆ ಉಜ್ಜುತ್ತಾನೆ. ತಿರುಗಿ ನೋಡದೆ ಕೇಳಿದ.

"ತೊಲೆ ಹೇಗಿದೆ?"

ಅಮ್ಮ ಒಳಗಿನಿಂದಲೇ ರೇಗಿದಳು. ಮಗಳು ಹೇಗಿದಾಳೆ ಅಂತ ಕೇಳೋ ಬುದ್ಧಿ ಇಲ್ಲ, ತೊಲೆ ಕ್ಷೇಮಸಮಾಚಾರ ಬೇಕು ಇವರಿಗೆ ಎಂದಳು. ಅಪ್ಪ ನಗಲಿಲ್ಲ. ಮಗಳು ಕೂದಲೆಳೆಯ ಬಿರುಕಿನ ವಿಷಯ ಹೇಳಿದಳು. ಮನೆಯಲ್ಲಿ ಅವಳಿಗೆ ಮಾತು ಬರುತ್ತಿತ್ತು. ಮನೆಯಲ್ಲಿ ಅವಳ ಹೆಸರು ಗುಬ್ಬಿ, ಯಾಕೆಂದರೆ ಅವಳು ಬಾಯಿ ಮುಚ್ಚುತ್ತಿರಲಿಲ್ಲ. ಅಪ್ಪ ಕೇಳಿ ಮುಗಿಸಿ ಆ ಕಲ್ಲಿನ ಮೇಲೇ ಕೂತ.

ಆ ತೊಲೆಯ ಕಥೆ ಅವರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ತೊಲೆಗೆ ಕಾಂಕ್ರೀಟು ಹಾಕಲು ಶುರುಮಾಡಿದರೆ ಮುಗಿಯುವ ತನಕ ನಿಲ್ಲಿಸಬಾರದು. ನಿಲ್ಲಿಸಿ ಮತ್ತೆ ಹಾಕಿದರೆ ಹಳೆಯದು ಹೊಸದನ್ನು ಕೂಡಿಸಿಕೊಳ್ಳುವುದಿಲ್ಲ. ಹೊರಗಿನಿಂದ ಒಂದೇ ತೊಲೆ, ಒಳಗೆ ಎರಡು ತುಂಡು. ಆ ದಿನ ಬೆಳಗ್ಗೆಯಿಂದ ಹದಿನಾಲ್ಕು ಜನ ಹೊತ್ತರು. ಅಮ್ಮ ಹೊಟ್ಟೆಯಲ್ಲಿ ಐದು ತಿಂಗಳ ಕೂಸು ಇಟ್ಟುಕೊಂಡು ಬಿದಿರಿನ ಸಾರುವೆ ಹತ್ತಿ ಇಳಿದಳು. ಮಧ್ಯಾಹ್ನದ ಹೊತ್ತಿಗೆ ಸಿಮೆಂಟು ಮುಗಿಯಿತು. ಬರಬೇಕಿದ್ದ ಲಾರಿ ಆಡಳಿತ ಮಂಡಳಿಯ ಅಧ್ಯಕ್ಷರ ಹೊಸ ಮನೆಗೆ ಹೋಗಿತ್ತು. ಅರ್ಧ ತೊಲೆ ಹಾಗೇ ನಿಂತಿತು. ಮೂರನೇ ದಿನ ಲಾರಿ ಬಂದಾಗ ಅಪ್ಪ, ಇದು ಕೂಡಲ್ಲ ಸಾರ್, ಒಡೆದು ಮೊದಲಿಂದ ಹಾಕಬೇಕು ಎಂದ. ಕಟ್ಟಡದ ಉಸ್ತುವಾರಿಗೆ ಆಗ ಇದೇ ಕಾಲೇಜಿನ ಮೇಷ್ಟ್ರೊಬ್ಬರಿದ್ದರು. ಕೊಡೆ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಅವರು ಕೊಡೆಯ ತುದಿಯಿಂದ ಅಪ್ಪನ ಎದೆಗೆ ತಿವಿದು ಕೇಳಿದರು.

"ನೀನೇನು ಇಂಜಿನಿಯರಾ?"

ಹದಿನಾಲ್ಕು ಜನರ ಎದುರಿಗೆ. ಹೆಂಡತಿಯ ಎದುರಿಗೆ. ಮರಳಿನ ಗುಡ್ಡೆಯ ಮೇಲೆ ಕೂತ ಮಗಳ ಎದುರಿಗೆ. ಅಪ್ಪ ತಲೆ ತಗ್ಗಿಸಿ ಹಾಕಿದ. ಹಾಕದಿದ್ದರೆ ಸಂಜೆಗೆ ಶೆಡ್ಡು ಖಾಲಿ ಮಾಡಬೇಕಿತ್ತು. ಅಮ್ಮನ ಹೊಟ್ಟೆಯ ಕೂಸು ಅದೇ ವಾರ ಹೋಯಿತು. ಅದಕ್ಕೂ ತೊಲೆಗೂ ಸಂಬಂಧ ಇಲ್ಲ ಎಂದು ಯಾರಾದರೂ ಹೇಳಬಹುದು. ಹೇಳುವವರು ಒಂದು ದಿನ ಬಾಂಡ್ಲಿ ಹೊತ್ತು ನೋಡಲಿ. ಮಗಳನ್ನು ಇಂಜಿನಿಯರು ಮಾಡಬೇಕು ಎಂದು ಅಪ್ಪ ಹಲ್ಲು ಕಚ್ಚಿ ನಿಂತದ್ದು ಅವತ್ತಿನಿಂದ. ಕೊಡೆಯ ಮೇಷ್ಟ್ರು ಈಗ ಪ್ರಾಂಶುಪಾಲರು.

ಅಪ್ಪ ಎದ್ದು ಸುಣ್ಣಕ್ಕೆ ಚೂರು ಸಿಮೆಂಟು ಸೇರಿಸಿ, ಒಣಪುಡಿಯನ್ನು ಔಷಧಿ ಡಬ್ಬಿಗೆ ತುಂಬಿ ಕೊಟ್ಟ. ನೀರಿಗೆ ಕಲಸಿ ಬಿರುಕಿನ ಅಡ್ಡಕ್ಕೆ ಎರಡು ಬೆರಳಗಲದ ಪಟ್ಟಿ ಹಚ್ಚಬೇಕು, ತೆಳ್ಳಗೆ. ಪಕ್ಕದಲ್ಲಿ ತಾರೀಖು ಬರೆಯಬೇಕು. ಪಟ್ಟಿ ಇದ್ದಹಾಗೇ ಇದ್ದರೆ ಬಿರುಕು ಹಳೆಯದು, ಮಲಗಿದೆ. ಪಟ್ಟಿ ಒಡೆದರೆ ಕಟ್ಟಡ ನಡೆಯುತ್ತಿದೆ. ಇದು ಯಾವ ಪುಸ್ತಕದ್ದೂ ಅಲ್ಲ, ಗಾರೆಯವರ ಪರೀಕ್ಷೆ.

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಹೋಗಿ ಪಟ್ಟಿ ಹಚ್ಚಿದಳು.

ಆ ಮೇಲಿನ ದಿನಗಳಲ್ಲಿ ಅವಳು ಮಾಡಿದ್ದು ಎರಡೇ ಕೆಲಸ. ಪಟ್ಟಿ ನೋಡುವುದು, ಗೈರುಹಾಜರಾಗುವುದು. ತರಗತಿಗೆ ಹೋಗಿಯೂ ಗೈರುಹಾಜರಾಗುವುದು ಹೇಗೆ ಎಂದರೆ, ಐವತ್ತೆಂಟು ಎಂದು ಕೂಗಿದಾಗ ಅವಳು ಎದ್ದು ಎಸ್ ಸಾರ್ ಎನ್ನುತ್ತಿದ್ದಳು, ಅದು ಮುಂದಿನ ಬೆಂಚನ್ನು ದಾಟುತ್ತಿರಲಿಲ್ಲ. ಮೇಷ್ಟ್ರು ತಲೆ ಎತ್ತದೆ ಸೊನ್ನೆ ಹಾಕುತ್ತಿದ್ದರು. ಮೊದಲ ವಾರ ಐದು ದಿನಕ್ಕೆ ಐದು ಸೊನ್ನೆ. ಸೂಚನಾಫಲಕದಲ್ಲಿ ಅವಳ ಸಂಖ್ಯೆ ಕೆಂಪು ಶಾಯಿಯಲ್ಲಿ ಬಂತು. ಹುಡುಗರು ಮೂಗಿ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ಎಲ್ಲ ಕಾಲೇಜಿನವರೂ ಚುರುಕು.

ಎರಡನೇ ವಾರ ಪಕ್ಕದಲ್ಲಿ ಕೂರುವ ಐವತ್ತೊಂಬತ್ತಕ್ಕೆ ಇದನ್ನು ನೋಡಿ ಸಾಕಾಯಿತು. ಬಸ್ಸಿನ ಡ್ರೈವರನ ಮಗಳು. ಸೊಂಟ ದಾಟುವ ಜಡೆ, ಅದಕ್ಕಿಂತ ಉದ್ದದ ಬಾಯಿ. ಎಲ್ಲರಿಗೂ ಅವಳು ಉದ್ದಜಡೆ. ಐವತ್ತೆಂಟು ಎಂದ ಕೂಡಲೇ ಉದ್ದಜಡೆ ಎದ್ದು, ಬಂದಿದಾಳೆ ಸಾರ್, ಇಲ್ಲೇ ಇದಾಳೆ, ಬೇಕಾದ್ರೆ ಮುಟ್ಟಿ ತೋರಿಸ್ತೀನಿ ಎಂದಳು. ತರಗತಿ ನಕ್ಕಿತು. ಅವತ್ತು ಮೊದಲ ಸಲ ಅವಳು ಹಾಜರಾದಳು.

ಆ ಉಪಕಾರಕ್ಕೆ ಏನು ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೊಡಲು ಒಂದೇ ವಸ್ತು ಇತ್ತು. ಮಧ್ಯಾಹ್ನ ಉದ್ದಜಡೆಯ ಕೈ ಹಿಡಿದು ಮಹಡಿ ಮೆಟ್ಟಿಲಿನ ಅಡಿಗೆ ಕರೆದುಕೊಂಡು ಹೋದಳು. ಬಗ್ಗಿ, ಜೇಡನ ಬಲೆ ಸರಿಸಿ ತೋರಿಸಿದಳು. ಗಿಲಾವಿನಲ್ಲಿ ಒಂದು ಪುಟ್ಟ ಅಂಗೈ ಒತ್ತಿಕೊಂಡಿತ್ತು. ಐದು ಬೆರಳು, ಬೆರಳಿನ ಗೆರೆಗಳು ಕೂಡ. ಗಾರೆಯವರು ತಾವು ಕಟ್ಟಿದ್ದರಲ್ಲಿ ಒಡೆಯರ ಕಣ್ಣಿಗೆ ಬೀಳದ ಕಡೆ ಒಂದು ಗುರುತು ಬಿಡುತ್ತಾರೆ. ಹೆಸರಿನ ಕಲ್ಲು ಅವರಿಗೆ ಯಾರೂ ಹಾಕಿಸುವುದಿಲ್ಲವಲ್ಲ. ಮೆಟ್ಟಿಲು ಮುಗಿದ ದಿನ ಅಪ್ಪ ಅವಳನ್ನು ಎತ್ತಿ, ಹಸಿ ಗಿಲಾವಿಗೆ ಅವಳ ಅಂಗೈ ಒತ್ತಿಸಿದ್ದ.

"ಇದು ನನ್ನ ಕೈ. ಇದನ್ನೆಲ್ಲ ಕಟ್ಟಿದ್ದು ನಮ್ಮಪ್ಪ" ಎಂದಳು ಅವಳು. ಕಾಲೇಜಿಗೆ ಬಂದ ಮೇಲೆ ಗಂಟಲಿನಿಂದ ಹೊರಟ ಮೊದಲ ಪೂರ್ತಿ ಮಾತು ಅದು.

ಉದ್ದಜಡೆಗೆ ಎಷ್ಟು ಖುಷಿಯಾಯಿತೆಂದರೆ ಸಂಜೆಯೊಳಗೆ ಅರ್ಧ ಕಾಲೇಜು ಬಂದು ಮೆಟ್ಟಿಲಿನಡಿ ಇಣುಕಿ ಹೋಯಿತು. ಅವಳಲ್ಲಿ ಕೆಟ್ಟ ಬುದ್ಧಿ ಎಳ್ಳಷ್ಟೂ ಇರಲಿಲ್ಲ. ಗುಬ್ಬಿಯ ಮುಖ ಕೆಂಪಾಗಿತ್ತು, ಆದರೆ ಒಳಗೆ ಸಂತೋಷವೂ ಇತ್ತು. ಇಣುಕಿ ಹೋದವರಲ್ಲಿ ಪ್ರಾಂಶುಪಾಲರ ಜವಾನನೂ ಒಬ್ಬ ಎಂಬುದನ್ನು ಅವಳು ಗಮನಿಸಲಿಲ್ಲ.

ಮೊದಲ ಪಟ್ಟಿ ಒಂಬತ್ತನೇ ದಿನ ಒಡೆಯಿತು.

ಸರಿಯಾಗಿ ಮಧ್ಯದಲ್ಲಿ. ಉಗುರು ಆಡಿಸಿದರೆ ತಿಳಿಯುವಷ್ಟು. ಅವಳು ಕೆಳಗೆ ಇನ್ನೊಂದು ಹಚ್ಚಿದಳು. ಅದು ನಾಲ್ಕನೇ ದಿನ ಒಡೆಯಿತು. ಮೂರನೆಯದನ್ನು ಒಂದು ಬೆಳಗ್ಗೆ ಹಚ್ಚಿದಳು, ಮರುದಿನ ಬೆಳಗ್ಗೆ ನೋಡಿದರೆ ಸೀಳಿತ್ತು. ಪಾಠ ನಡೆಯುವಾಗ ಮೇಲಿನ ಉಗ್ರಾಣದಲ್ಲಿ ಯಾರೋ ಕಪಾಟು ಎಳೆದರು. ಅವಳ ಭುಜದ ಮೇಲೆ ಒಂದು ಚಿಟಿಕೆ ಬಿಳಿಪುಡಿ ಉದುರಿತು. ಐವತ್ತೇಳರವನ ಪುಸ್ತಕದ ಮೇಲೂ ಉದುರಿತು. ಅವನು ಊದಿ ಹಾಕಿ ಬರೆಯುವುದನ್ನು ಮುಂದುವರಿಸಿದ.

ಗೋಡೆಯ ಆಚೆ, ಅದೇ ತೊಲೆಯ ಕೆಳಗೆ, ದೊಡ್ಡಕ್ಕ ಮತ್ತು ಏಳು ಜನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವರ ನಗು ಗೋಡೆಯಲ್ಲಿ ಕೇಳುತ್ತಿತ್ತು. ಆ ಕೋಣೆಗೆ ಕಿಟಕಿ ಇರಲಿಲ್ಲ. ಪೊರಕೆ, ಬಕೆಟ್ಟು, ಫಿನಾಯಿಲು ಡಬ್ಬ, ಹೆಂಗಸರು, ಎಲ್ಲವನ್ನೂ ಅಲ್ಲೇ ಇಡುತ್ತಿದ್ದರು.

ಹೇಳಬೇಕು. ಯಾರಿಗೆ ಹೇಳುವುದು? ಹಾಜರಿಯನ್ನೇ ಹೇಳಲಾರದವಳು ಕಟ್ಟಡ ಬೀಳುತ್ತದೆ ಎಂದು ಹೇಗೆ ಹೇಳುತ್ತಾಳೆ? ಮೂರು ಸಲ ಮೇಷ್ಟ್ರ ಕೋಣೆಯ ಬಾಗಿಲಿನ ತನಕ ಹೋಗಿ ವಾಪಸು ಬಂದಳು. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು, ನೀವು ಕೂರುವ ಹಾಲನ್ನೇ ಅಳೆದು ನಕ್ಷೆ ಬರೆದು ತನ್ನಿ ಎಂದರು. ಎಲ್ಲರೂ ನಾಲ್ಕು ಗೋಡೆ, ಎರಡು ಬಾಗಿಲು ಬರೆದರು. ಅವಳು ತೊಲೆ ಬರೆದಳು. ಒಳಗೆ ಅದು ಎಲ್ಲಿ ಎರಡು ತುಂಡಾಗಿದೆ ಎಂದು ಬರೆದಳು. ಬಿರುಕನ್ನು ಬರೆದಳು, ಪಟ್ಟಿಗಳನ್ನು ಬರೆದಳು, ಹಚ್ಚಿದ ತಾರೀಖು, ಒಡೆದ ತಾರೀಖು. ಗೋಡೆಯ ಆಚೆ ಎಂಟು ಚಿಕ್ಕ ಸೊನ್ನೆ ಹಾಕಿ, ಇಲ್ಲಿ ಎಂಟು ಜನ ಊಟ ಮಾಡುತ್ತಾರೆ ಎಂದು ಬರೆದಳು.

ಡ್ರಾಯಿಂಗ್ ಮೇಷ್ಟ್ರು ಹಾಳೆಯನ್ನು ನೋಡಿದರು. ಹಾಲಿಗೆ ಹೋಗಿ ಬೆಂಚು ಹತ್ತಿ ಬಿರುಕಿನಲ್ಲಿ ಪೆನ್ಸಿಲಿನ ಮೊನೆ ಇಟ್ಟು ನೋಡಿದರು. ಇಳಿದಾಗ ಅವರ ಮುಖ ಸುಣ್ಣದ ಹಾಗಿತ್ತು. ಒಳ್ಳೆಯ ಮನುಷ್ಯ. ಹಾಳೆಯನ್ನು ಹಿಡಿದು ನೇರ ಪ್ರಾಂಶುಪಾಲರ ಹತ್ತಿರ ಓಡಿದರು. ಒಳ್ಳೆಯವರು ಮಾಡುವ ಮೊದಲ ತಪ್ಪು ಇದೇ.

ಮರುದಿನ ಹಾಲಿಗೆ ಬೀಗ ಬಿತ್ತು. ಬಣ್ಣ ಬಳಿಯುವ ಕೆಲಸ ಇದೆ ಎಂದು ಚೀಟಿ ಅಂಟಿಸಿದರು. ತರಗತಿ ಅಂಗಳದ ಆಚೆಯ ಹೊಸ ಕಟ್ಟಡಕ್ಕೆ ಹೋಯಿತು. ಗುಬ್ಬಿಗೆ ಒಂದು ಗಳಿಗೆ ಜೀವ ಬಂದಂತಾಯಿತು. ಆಮೇಲೆ ಮಧ್ಯಾಹ್ನ ಹಿಂದಿನ ಕೋಣೆಯಿಂದ ನಗು ಕೇಳಿಸಿತು. ಅದಕ್ಕೆ ಬೀಗ ಬಿದ್ದಿರಲಿಲ್ಲ. ಅವಳು ಬಾಗಿಲಿನಲ್ಲಿ ನಿಂತು, ಇಲ್ಲಿ ಕೂರಬೇಡಿ ದೊಡ್ಡಕ್ಕ, ತೊಲೆ ಬಿರುಕು ಬಿಟ್ಟಿದೆ ಎಂದಳು. ಬಿಟ್ಟಿದ್ದರೆ ನಮಗೂ ಹೇಳ್ತಿದ್ದರಲ್ಲ ಮಗಳೇ ಎಂದಳು ದೊಡ್ಡಕ್ಕ. ಬೇರೆ ಕಡೆ ಕೂತರೆ ಬೈತಾರೆ, ಹೋದ ವರ್ಷ ವರಾಂಡದಲ್ಲಿ ಕೂತಿದ್ದಕ್ಕೆ ಒಬ್ಬಳನ್ನ ಕೆಲಸದಿಂದ ತೆಗೆದರು ಎಂದಳು. ಕೋಣೆಯ ಮೂಲೆಯಲ್ಲಿ ಅದೇ ಬಿರುಕು ಇಳಿದಿತ್ತು. ಅದರ ಮೇಲೆ ಯಾರೋ ಮೊಳೆ ಹೊಡೆದು ಬುತ್ತಿ ಚೀಲ ನೇತುಹಾಕಿದ್ದರು.

ಬುಧವಾರ ಅಪ್ಪನನ್ನು ಕರೆದುಕೊಂಡು ಬಾ ಎಂದು ಹೇಳಿಕಳಿಸಿದರು. ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದ. ಪ್ರಾಂಶುಪಾಲರ ಮೇಜಿನ ಎದುರಿಗೆ ಮೂರು ಕುರ್ಚಿ ಖಾಲಿ ಇದ್ದವು. ಕೂತ್ಕೋ ಎಂದು ಯಾರೂ ಅನ್ನಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಅವಳು ಬರೆದ ಹಾಳೆ ಮೇಜಿನ ಮೇಲಿತ್ತು.

ಪ್ರಾಂಶುಪಾಲರು ಬಹಳ ಮೃದುವಾಗಿ ಮಾತಾಡಿದರು. ಮೆಟ್ಟಿಲಿನ ಅಡಿಯ ಕೈ ನೋಡಿದೆ, ಮುದ್ದಾಗಿದೆ ಎಂದರು. ಕಟ್ಟಿದವನು ನೀನೇ ಅಂತ ನಿನ್ನ ಮಗಳೇ ಇಡೀ ಕಾಲೇಜಿಗೆ ಸಾರಿದ್ದಾಳೆ, ನಮಗೂ ಸಂತೋಷ ಎಂದರು. ಗುಬ್ಬಿಗೆ ಆಗ ತಿಳಿಯಿತು. ತನ್ನ ಕೈಯನ್ನು ತಾನೇ ತೋರಿಸಿ ಅಪ್ಪನ ಕುತ್ತಿಗೆಗೆ ಹಗ್ಗ ಕೊಟ್ಟಿದ್ದಳು.

ಶುಕ್ರವಾರ ವಿಶ್ವವಿದ್ಯಾಲಯದ ತಪಾಸಣೆಯವರು ಬರುತ್ತಾರೆ, ಬೀಗ ಯಾಕೆ ಎಂದು ಕೇಳುತ್ತಾರೆ, ಉತ್ತರ ಕಡತದಲ್ಲಿರಬೇಕು ಎಂದರು. ಅದಕ್ಕೊಂದು ಕಾಗದ ಸಿದ್ಧವಾಗಿತ್ತು. ಅಪ್ಪನಿಗೆ ಓದಲು ಬರುವುದಿಲ್ಲ. ಅವನ ಕಣ್ಣು ಕಾಗದದ ಮೇಲಿರಲಿಲ್ಲ, ಮೂಲೆಯಲ್ಲಿ ಒರಗಿಸಿದ್ದ ಕೊಡೆಯ ಮೇಲಿತ್ತು. ಅದು ಆ ಕೊಡೆಯೇ ಅಲ್ಲ, ಹೊಸದು. ಆದರೂ ಅದನ್ನೇ ನೋಡುತ್ತಿದ್ದ.

"ಪೊಲೀಸು ಗಿಲೀಸು ಏನೂ ಇಲ್ಲಪ್ಪ. ಕಡತಕ್ಕೆ ಒಂದು ಕಾಗದ ಅಷ್ಟೆ. ಮಗಳ ಓದು ನಡೀಬೇಕು ತಾನೆ?" ಎಂದರು ಪ್ರಾಂಶುಪಾಲರು.

ಅಪ್ಪನಿಗೆ ಅಷ್ಟು ಸಾಕಾಗಿತ್ತು. ಬಲಗೈ ಹೆಬ್ಬೆರಳು ಮುಂದೆ ಮಾಡಿದ. ಜವಾನ ಅದನ್ನು ಹಿಡಿದು ಶಾಯಿಗೆ ಅದ್ದಿ ಒತ್ತಿದ. ಕಾಗದದ ಮೇಲೆ ನೀಲಿ ಕಲೆ ಬಿತ್ತು. ಗೆರೆ ಇರಲಿಲ್ಲ. ಮತ್ತೆ ಒತ್ತಿದ. ಮತ್ತೆ ಕಲೆ. ಎಡಗೈಯದು ಒತ್ತಿಸಿದ. ಅದೂ ಕಲೆ. ಮೂವತ್ತು ವರ್ಷ ಸಿಮೆಂಟಿನಲ್ಲಿ ಅದ್ದಿದ ಬೆರಳು. ಗೆರೆಗಳನ್ನೆಲ್ಲ ಸಿಮೆಂಟು ತಿಂದುಹಾಕಿತ್ತು. ಜವಾನ ಬೆರಳನ್ನು ತಿರುಗಿಸಿ ಮುರುಗಿಸಿ ಒತ್ತುತ್ತಲೇ ಇದ್ದ. ಅಪ್ಪ ಮುದುಡಿ, ತಪ್ಪು ಮಾಡಿದವನ ಹಾಗೆ, ಬರಲ್ಲ ಸಾರ್, ಅದು ಬರಲ್ಲ ಎಂದ. ಈ ಮನುಷ್ಯ ಬೆರಳಿನ ಗೆರೆಗಳನ್ನೂ ಅವರ ಗೋಡೆಗೇ ಕೊಟ್ಟುಬಿಟ್ಟಿದ್ದ. ಅದಕ್ಕೂ ಅವನೇ ಕ್ಷಮೆ ಕೇಳಬೇಕಾಯಿತು.

ಹೋಗಲಿ, ಓದಿದ ಮಗಳಿದ್ದಾಳಲ್ಲ, ಅವಳು ಅಪ್ಪನಿಗೆ ಓದಿ ಹೇಳಿ ಅವನ ಪರವಾಗಿ ಸಹಿ ಹಾಕಲಿ ಎಂದರು ಪ್ರಾಂಶುಪಾಲರು. ಕಾಗದ ಅವಳ ಕೈಗೆ ಬಂತು. ಬಾಗಿಲು ತೆರೆದಿತ್ತು. ಹೊರಗಿನ ವರಾಂಡದಲ್ಲಿ ದೊಡ್ಡಕ್ಕ ನೆಲ ಒರೆಸುತ್ತಿದ್ದಳು, ಇನ್ನಿಬ್ಬರು ಬಕೆಟ್ಟು ಹಿಡಿದು ನಿಂತಿದ್ದರು.

ಅವಳು ಓದಲು ಶುರುಮಾಡಿದಳು. ಮೊದಲ ಸಾಲು ಯಾರಿಗೂ ಕೇಳಲಿಲ್ಲ. ಎರಡನೇ ಸಾಲಿಗೆ ಅಪ್ಪ, ಕೇಳ್ತಿಲ್ಲ ಮಗಳೇ, ಸ್ವಲ್ಪ ಜೋರಾಗಿ ಎಂದ. ಅವಳು ಅಪ್ಪನ ನೀಲಿ ಬೆರಳು ನೋಡಿದಳು. ಆಮೇಲೆ ಓದಿದಳು. ತೊಲೆಗೆ ಕಾಂಕ್ರೀಟು ಹಾಕುವಾಗ ಮೇಲಿನವರ ಸೂಚನೆಯನ್ನು ಮೀರಿ ನಾನು ಸಿಮೆಂಟು ಕಡಿಮೆ ಹಾಕಿರುತ್ತೇನೆ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಿರುತ್ತೇನೆ. ಮುಂದೆ ಆಗುವ ಯಾವುದೇ ಅನಾಹುತಕ್ಕೆ ನಾನೊಬ್ಬನೇ ಹೊಣೆ. ಒಂದೊಂದು ಅಕ್ಷರವೂ ವರಾಂಡಕ್ಕೆ ಹೋಯಿತು. ನೆಲ ಒರೆಸುವ ಸದ್ದು ನಿಂತಿತು.

ಅಪ್ಪ ನೀಲಿ ಬೆರಳನ್ನು ಒಗೆದ ಅಂಗಿಗೆ ಒರೆಸಿಕೊಂಡ. ಆಮೇಲೆ ಅವಳಿಗಷ್ಟೇ ಕೇಳುವ ಹಾಗೆ, "ಹಾಕಿಬಿಡು ಗುಬ್ಬಿ. ನನ್ನದೇನಿದೆ ಇನ್ನು. ನೀನು ಓದು" ಎಂದ.

ಕೊಡೆಯ ತಿವಿತವನ್ನು ಅವಳು ಆವತ್ತು ಮರಳಿನ ಗುಡ್ಡೆಯ ಮೇಲೆ ಕೂತು ನೋಡಿದ್ದಳು. ಅದರಿಂದ ಅವಳಿಗೆ ಅಷ್ಟು ನೋವಾಗಿರಲಿಲ್ಲ. ಈ ಮಾತಿನಿಂದ ಆಯಿತು. ಅವಳಿಗೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ಬರಬೇಕಾಗಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು. ಧ್ವನಿ ನಡುಗಲಿಲ್ಲ.

"ಸಹಿ ಹಾಕ್ತೀನಿ ಸಾರ್. ಇಲ್ಲಿ ಅಲ್ಲ. ಈ ಮೇಜು ಕುರ್ಚಿ ಆ ಹಿಂದಿನ ಕೋಣೆಗೆ ಹಾಕಿಸಿ. ತೊಲೆ ಕೆಳಗೆ. ನೀವೂ ಕೂತ್ಕೊಳ್ಳಿ, ನಾನೂ ಕೂತ್ಕೋತೀನಿ. ಒಂದು ಕಾಲು ಗಂಟೆ. ಅಲ್ಲಿ ಹಾಕ್ತೀನಿ."

ಪ್ರಾಂಶುಪಾಲರ ಮೃದು ಮಾತು ಎಲ್ಲಿ ಹೋಯಿತೋ.

"ಇಪ್ಪತ್ತು ದಿನ ಕ್ಲಾಸಿಗೆ ಬಂದು ಇಂಜಿನಿಯರ್ ಆಗಿಬಿಟ್ಯಾ ನೀನು?"

"ಇಲ್ಲ ಸಾರ್. ಅವತ್ತು ನಮ್ಮಪ್ಪನೂ ಅಲ್ಲ. ಆದ್ರೂ ಇದು ಕೂಡಲ್ಲ ಅಂತ ಹೇಳಿದ್ದ. ನೀವು ಎದ್ದೇಳಿ ಸಾರ್, ಹೋಗೋಣ."

ಪ್ರಾಂಶುಪಾಲರು ಏಳಲಿಲ್ಲ. ಕುರ್ಚಿಯ ಎರಡು ಕೈಗಳನ್ನು ಹಿಡಿದುಕೊಂಡಿದ್ದರು. ಡ್ರಾಯಿಂಗ್ ಮೇಷ್ಟ್ರು ಕಿಟಕಿಯಿಂದ ತಿರುಗಿ ಪ್ರಾಂಶುಪಾಲರನ್ನು ನೋಡಿದರು. ಜವಾನನೂ ನೋಡಿದ. ಬಾಗಿಲಿನಲ್ಲಿ ದೊಡ್ಡಕ್ಕ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು, ಅವಳೂ ನೋಡಿದಳು. ಎಲ್ಲರೂ ಅವರು ಏಳುವುದನ್ನು ಕಾಯುತ್ತಿದ್ದರು. ಅವರು ಏಳಲಿಲ್ಲ.

"ಹಾಗಾದ್ರೆ ಅವರು ಯಾಕೆ ಕೂರಬೇಕು ಸಾರ್?" ಎಂದಳು ಗುಬ್ಬಿ, ಬಾಗಿಲಿನಲ್ಲಿದ್ದ ಹೆಂಗಸರ ಕಡೆ ಕೈ ತೋರಿಸಿ.

ಅದಕ್ಕೆ ದೊಡ್ಡಕ್ಕ ಉತ್ತರ ಕಾಯಲಿಲ್ಲ. ಬಟ್ಟೆಯನ್ನು ಪ್ರಾಂಶುಪಾಲರ ಹೊಸ್ತಿಲಿನ ಮೇಲೆ ಹಿಂಡದೆ ಬಿಟ್ಟು ಹೊರಟಳು. ಹತ್ತು ನಿಮಿಷದಲ್ಲಿ ಎಂಟು ಜನ ಹೆಂಗಸರು ಹಿಂದಿನ ಕೋಣೆಯಿಂದ ಬುತ್ತಿ ಚೀಲ, ಬಕೆಟ್ಟು, ಸೀರೆಗಂಟು ಎಲ್ಲ ಹೊತ್ತು ತಂದು, ಪ್ರಾಂಶುಪಾಲರ ಕಾರು ನಿಲ್ಲುವ ಜಾಗದಲ್ಲಿ ಸಾಲಾಗಿ ಕೂತರು. ಕಾವಲಿನವನು ಏಳಿ ಎಂದ. ನೀನು ಹೋಗಿ ಆ ಕೋಣೆಯಲ್ಲಿ ಕೂತು ಕರಿ, ಬರ್ತೀವಿ ಎಂದಳು ದೊಡ್ಡಕ್ಕ. ಅವನು ಹೋಗಲಿಲ್ಲ.

ಗುಬ್ಬಿ ಕಾಗದವನ್ನು ಮೇಜಿನ ಮೇಲೆ ಇಡಲಿಲ್ಲ. ಮಡಚಿ ಚೀಲಕ್ಕೆ ಹಾಕಿದಳು. ತನ್ನ ನಕ್ಷೆಯನ್ನೂ ತೆಗೆದುಕೊಂಡಳು. ಇಡು ಅದನ್ನ ಎಂದರು ಪ್ರಾಂಶುಪಾಲರು. ಇದರಲ್ಲಿ ನಮ್ಮಪ್ಪನ ಬೆರಳಿದೆ ಸಾರ್ ಎಂದಳು. ಅಪ್ಪನ ಕೈ ಹಿಡಿದು ಹ್ಞೂಂ ನಡಿ ಎಂದಳು. ಮುಂದಿನ ಗೇಟಿನಿಂದ ಹೋದರು. ಅಪ್ಪ ದಾರಿಯುದ್ದಕ್ಕೂ ಬೈದ. ಓದು ಹಾಳುಮಾಡಿಕೊಂಡೆ, ಹತ್ತು ವರ್ಷ ಮಣ್ಣು ಮಾಡಿದೆ ಎಂದು ಬೈದ. ಬೈಯುತ್ತಲೇ ಅವಳ ಕೈ ಬಿಡಲಿಲ್ಲ.

ರಾತ್ರಿಯಿಡೀ ಅಮ್ಮ ಎದ್ದು ಕೂತಿದ್ದಳು. ಬೆಳಗ್ಗೆ ಅವಳೇ ಮಗಳ ತಲೆ ಬಾಚಿ, ಕೂದಲು ಎಳೆದು ಬಿಗಿಯಾಗಿ ಕಟ್ಟಿ ಕಳಿಸಿದಳು.

ಗುರುವಾರ ಕಾವಲಿನವನು ಅವಳನ್ನು ನೋಡಿ ಮುಖ ತಿರುಗಿಸಿದ. ಅವಳು ಮುಂದಿನ ಗೇಟಿನಿಂದಲೇ ಒಳಗೆ ಹೋದಳು. ತರಗತಿಗೆ ಮುಂಚೆ ಬೀಗ ಹಾಕಿದ ಹಾಲಿನ ಕಿಟಕಿಯಲ್ಲಿ ಇಣುಕಿದಳು. ಅಪ್ಪ ಬರುವ ಮುಂಚೆ, ಬುಧವಾರ ಬೆಳಗ್ಗೆ ಅವಳು ಕಿಟಕಿಯಿಂದ ಕೈ ತೂರಿಸಿ ಪಕ್ಕದ ಗೋಡೆಗೆ ಇಳಿದ ಬಿರುಕಿಗೆ ನಾಲ್ಕನೇ ಪಟ್ಟಿ ಹಚ್ಚಿದ್ದಳು. ಅದು ಒಡೆದಿರಲಿಲ್ಲ. ಕಳಚಿ ನೆಲಕ್ಕೆ ಬಿದ್ದಿತ್ತು. ಬಿರುಕಿನಲ್ಲಿ ಈಗ ಬೆರಳು ಹೋಗುತ್ತಿತ್ತು. ತಪಾಸಣೆ ನಾಳೆ. ಅಲ್ಲಿಯವರೆಗೆ ಅದು ನಿಲ್ಲುತ್ತದೋ ಇಲ್ಲವೋ ಎಂಬುದು ಅವಳೊಬ್ಬಳಿಗೇ ಗೊತ್ತಿದ್ದ ಲೆಕ್ಕ. ಕಾಗದ ಚೀಲದಲ್ಲಿತ್ತು, ನೀಲಿ ಕಲೆಗಳ ಸಮೇತ.

ಹೊಸ ಕಟ್ಟಡದಲ್ಲಿ ಹಾಜರಿ ಶುರುವಾಯಿತು. ಕೊನೆಯ ಬೆಂಚಿಗೆ ಬರುವ ಹೊತ್ತಿಗೆ ಮೇಷ್ಟ್ರ ಧ್ವನಿ ಸಣ್ಣದಾಯಿತು.

ಐವತ್ತೇಳು ಎಂದರು. ಎಸ್ ಸಾರ್ ಎಂಬ ಉತ್ತರ ಬಂತು. ಐವತ್ತೊಂಬತ್ತು ಎಂದರು.

ಅವಳು ಎದ್ದು ನಿಂತಳು.

"ಐವತ್ತೆಂಟು ಸಾರ್. ಬಂದಿದೀನಿ."

ಮುಂದಿನ ಬೆಂಚಿನವರೂ ತಿರುಗಿ ನೋಡಿದರು. ಮೂಗಿಯ ಧ್ವನಿ ಹೀಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಸಂಖ್ಯೆ ನನ್ನ ಪುಸ್ತಕದಲ್ಲಿಲ್ಲ, ಮೇಲಿನಿಂದ ಹೇಳಿದ್ದಾರೆ ಎಂದರು ಮೇಷ್ಟ್ರು, ತಲೆ ಎತ್ತದೆ. ಐವತ್ತೊಂಬತ್ತು ಎಂದು ಇನ್ನೊಮ್ಮೆ ಕೂಗಿದರು.

ಉದ್ದಜಡೆ ಬಾಯಿ ತೆರೆಯಲಿಲ್ಲ. ಜೀವಮಾನದಲ್ಲಿ ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಅದೇ ಮೊದಲು. ಮೂರನೇ ಸಲ ಕೂಗಿದಾಗ ಎದ್ದು ನಿಂತಳು.

"ಐವತ್ತೆಂಟು ಮೊದಲು ಆಗ್ಲಿ ಸಾರ್. ಆಮೇಲೆ ನಾನು."

ಅರವತ್ತರವನು ತಲೆ ತಗ್ಗಿಸಿಕೊಂಡಿದ್ದ, ಅವನೂ ಎದ್ದು ನಿಂತ. ಐವತ್ತೇಳರವನು ಹಾಜರಿ ಹೇಳಿ ಆಗಿತ್ತು, ಆದರೂ ಮತ್ತೆ ಎದ್ದ. ಮೇಷ್ಟ್ರ ಪೆನ್ನು ಪುಸ್ತಕದ ಮೇಲೆ ನಿಂತಿತು. ಆಗ ಅಂಗಳದ ಆಚೆ, ಬೀಗ ಹಾಕಿದ ಬಾಗಿಲಿನ ಹಿಂದೆ, ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದಾಯಿತು. ಕಿಟಕಿಯ ಗಾಜು ಅದುರಿತು. ಕಾರು ನಿಲ್ಲುವ ಜಾಗದಲ್ಲಿ ಎಂಟು ಜನ ಹೆಂಗಸರು ಎದ್ದು ನಿಂತು ಆ ಕಡೆ ನೋಡುತ್ತಿದ್ದರು. ಅವಳು ಕಿಟಕಿಯಿಂದ ಅವರನ್ನು ಎಣಿಸಿದಳು. ಎಂಟು ಜನರೂ ಇದ್ದರು.

"ಬಂದಿದೀನಿ ಸಾರ್" ಎಂದಳು. "ಬರ್ಕೊಳ್ಳಿ."